ಮೂರು ದಿನ ಹಾಳಾಯಿತೇ?

ಪತ್ರ: ಮಗಳು ಜಾರ್ಜಿಯಾದ ತ್ಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಗೆಳತಿಯ ಅಜ್ಜಿ ಮನೆಗೆ, ಕಾಖೇತಿಯ ಒಂದು ಹಳ್ಳಿಗೆ, ದ್ರಾಕ್ಷಿ ಕೊಯ್ಲಿಗೆಂದು ಹೋಗಿ ಮೂರು ದಿನ ಕ್ಲಾಸ್ ತಪ್ಪಿಸಿದಳು. ಕೊಟ್ಟ ದುಡ್ಡನ್ನೂ ಅವರು ಮುಟ್ಟಲಿಲ್ಲವಂತೆ. ಓದಲು ಹೋದವರಿಗೆ ಇದೆಲ್ಲ ಬೇಕಾ? ಆ ಋಣ ತೀರಿಸೋದು ಹೇಗೆ?

ಸಂಪಾದಕರ ಉತ್ತರ: ಕ್ಲಾಸ್ ತಪ್ಪಿಸಿದ್ದು ತಪ್ಪು. ಫೀಸು ಕಟ್ಟುವವರು ನೀವು, ಒಮ್ಮೆ ಗದರಿಸಿಬಿಡಿ. ಆಯ್ತಲ್ಲ?

ಇನ್ನು ದುಡ್ಡಿನ ವಿಷಯ. ಅತಿಥಿಯನ್ನು ದೇವರೇ ಕಳಿಸಿದ್ದು ಅನ್ನುವ ಮಾತು ಜಾರ್ಜಿಯನ್ನರಲ್ಲೂ ಇದೆ. ದೇವರು ಕಳಿಸಿದವರ ಹತ್ತಿರ ಯಾರಾದರೂ ಬಿಲ್ ಕೇಳ್ತಾರಾ?

ಹಲವು ವರ್ಷಗಳ ಹಿಂದೆ ನಾನೂ ಅಲ್ಲಿನ ಒಂದು ಹಳ್ಳಿಯಲ್ಲಿ ಉಂಡವನು. ಮನೆಯಾಕೆ 'ತೋನೆ' ಅನ್ನುವ ಮಣ್ಣಿನ ಒಲೆಯೊಳಗೆ ಅರ್ಧ ಮೈ ಬಗ್ಗಿಸಿ, ಹಿಟ್ಟನ್ನು ಅದರ ಗೋಡೆಗೆ ಪಟ್ ಅಂತ ಬಡಿಯುತ್ತಿದ್ದರು. ಸಾಕು ಅಂತ ತಟ್ಟೆಗೆ ಕೈ ಅಡ್ಡ ಹಿಡಿದೆ. ಮೇಜಿನಲ್ಲಿ ಜಾಗ ಮುಗಿದಿತ್ತು. ಆಕೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಪೇರಿಸಿದರು! 'ಸುಪ್ರಾ' ಊಟ ಅಂದರೆ ಹಾಗೇ. ಊಟದ ಹಿರಿಯ 'ತಮಾದಾ' ಎದ್ದು ತೀರಿಹೋದವರನ್ನು, ತಾಯಂದಿರನ್ನು, ಕೊನೆಗೆ ನನ್ನನ್ನೂ ನೆನೆದ. ಅಷ್ಟರಲ್ಲಿ ಒಂದು ಮಗು 'ಮಾಮಾ' ಅಂತ ಕೂಗಿತು. ನಾನು ಸೋದರಮಾವನನ್ನು ಹುಡುಕಿದೆ, ಬಂದದ್ದು ಅಪ್ಪ. ಅವರ ಭಾಷೆಯಲ್ಲಿ ಮಾಮಾ ಅಂದರೆ ಅಪ್ಪ, ಅಮ್ಮ 'ದೇದಾ'.

ನಗಬೇಡಿ. ನಿಮ್ಮ ಮಗಳಿಗೆ ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು. ನಾಳೆ ವಾರ್ಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ ಮುದುಕಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ಆ ನರಳಿಕೆಯ ಭಾಷೆ ಅಜ್ಜಿ ಮನೆಯಲ್ಲಿ ಮೂರು ದಿನಕ್ಕೆ ಕಿವಿಗೆ ಬಿದ್ದಷ್ಟು ಹಾಸ್ಟೆಲಿನಲ್ಲಿ ಮೂರು ವರ್ಷಕ್ಕೂ ಬೀಳದು. ನೆಲದಲ್ಲಿ ಕುತ್ತಿಗೆವರೆಗೆ ಹೂತ 'ಕ್ವೆವ್ರಿ' ಎಂಬ ಮಣ್ಣಿನ ಹಂಡೆಯಲ್ಲಿ ದ್ರಾಕ್ಷಿ ಹುಳಿತು ವೈನ್ ಆಗುವುದನ್ನೂ ನೋಡಿರುತ್ತಾಳೆ. 2013ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿದ ವಿದ್ಯೆ ಅದು.

ನನ್ನ ಸಿಟ್ಟು ಬೇರೆ ಕಡೆ ಇದೆ. ಏಜೆಂಟರ ಕೈಪಿಡಿಯಲ್ಲಿ ಫೀಸು, ಮೆಸ್ಸು, ಸೀಟು ಎಲ್ಲ ಇರುತ್ತೆ, ಆ ದೇಶದ ಜನ ಮಾತ್ರ ಇರುವುದಿಲ್ಲ. ಮಕ್ಕಳು ಅದೇ ಗುಂಪು, ಅದೇ ಅಡುಗೆ ಅಂತ ಆರು ವರ್ಷ ಕಳೆದು 'ಮದ್ಲೋಬಾ', ಅಂದರೆ ಥ್ಯಾಂಕ್ಸ್, ಅಷ್ಟೇ ಕಲಿತು ಬರುತ್ತಾರೆ. ವಿಡಿಯೊ ಕಾಲಿನಲ್ಲಿ ನಾವು ಕೇಳೋದೂ ಮಾರ್ಕ್ಸ್ ಒಂದೇ, ಅಲ್ವಾ?

ಋಣ ಅಂದಿರಿ. ದುಡ್ಡು ಕಳಿಸಬೇಡಿ, ನೊಂದುಕೊಳ್ಳುತ್ತಾರೆ. ಮುಂದಿನ ಕೊಯ್ಲಿಗೆ, ರಜೆ ನೋಡಿಕೊಂಡು, ಮಗಳನ್ನು ಬುಟ್ಟಿ ಹೊರಲು ಕಳಿಸಿ. ಅಂದಹಾಗೆ, ಅವಳು ತರುವ ಚೀಲದಲ್ಲಿ ಮೇಣದಬತ್ತಿ ಥರದ್ದು ಸಿಕ್ಕರೆ ದೇವರ ಮುಂದೆ ಹಚ್ಚಬೇಡಿ. ಅದು ಚುರ್ಚ್‌ಖೇಲಾ, ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರ. ದಾರ ಎಳೆದು ತಿನ್ನಿ.