ಓದುಗರ ಪ್ರಶ್ನೆ: ಮೊಡವೆ ಗುಳಿಗೆ ಲೇಸರ್

ಪ್ರಶ್ನೆ: ಕೆನ್ನೆ ತುಂಬ ಮೊಡವೆಯ ಗುಳಿಗಳಿವೆ. ಒಬ್ಬ ವೈದ್ಯರು ಕಾರ್ಬನ್ ಡೈಆಕ್ಸೈಡ್ ಲೇಸರ್ ಹೇಳಿದರು, ಇನ್ನೊಬ್ಬರು ಎರ್ಬಿಯಂ. ನನ್ನದು ಕಂದು ಚರ್ಮ. ಯಾವುದನ್ನು ಆರಿಸಲಿ?

ಉತ್ತರ: ಯಂತ್ರದ ಹೆಸರು ಆಮೇಲೆ. ಅದು ಚರ್ಮದಲ್ಲಿ ಎಷ್ಟು ಬಿಸಿ ಬಿಟ್ಟುಹೋಗುತ್ತದೆ ಎಂಬುದು ಮೊದಲು. ಎರಡೂ ಲೇಸರ್‌ಗಳು ಚರ್ಮದೊಳಗಿನ ನೀರನ್ನು ಕಾಯಿಸಿ ಆವಿ ಮಾಡುತ್ತವೆ. 2,940 ನ್ಯಾನೊಮೀಟರ್ ತರಂಗಾಂತರದ ಎರ್ಬಿಯಂ ಯಾಗ್ ಕಿರಣವನ್ನು ನೀರು 10,600 ನ್ಯಾನೊಮೀಟರಿನ ಕಾರ್ಬನ್ ಡೈಆಕ್ಸೈಡ್ ಕಿರಣಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹೀರುತ್ತದೆ. ಹಾಗಾಗಿ ಎರ್ಬಿಯಂ ತೆಳುವಾಗಿ ಕೆತ್ತುತ್ತದೆ, ಅಕ್ಕಪಕ್ಕಕ್ಕೆ ಬಿಸಿ ಅಷ್ಟಾಗಿ ಹರಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಲ್ಲಿ ಉಳಿಯುವ ಬಿಸಿ ಚರ್ಮಕ್ಕೆ ಆಧಾರವಾದ ಕೊಲಾಜೆನ್ ಎಂಬ ನಾರನ್ನು ಬಿಗಿಗೊಳಿಸುತ್ತದೆ, ರಕ್ತ ಒಸರುವುದನ್ನೂ ತಡೆಯುತ್ತದೆ. ಆದರೆ ಕಂದು ಚರ್ಮದ ಬಣ್ಣದ ಕೋಶಗಳನ್ನು ಕೆರಳಿಸುವುದೂ ಅದೇ ಬಿಸಿ. ಗುಳಿ ತುಂಬಿಸಿಕೊಳ್ಳಲು ಹೋದವರು ಕಪ್ಪು ಕಲೆ ಹೊತ್ತು ಬರುವುದು ಹೀಗೆ.

ಈಗ ಹೆಚ್ಚಾಗಿ ಮಾಡುವುದು ಫ್ರ್ಯಾಕ್ಷನಲ್ ವಿಧಾನ. 2004ರಲ್ಲಿ ಪ್ರಕಟವಾದ ಈ ಕ್ರಮದಲ್ಲಿ ಚರ್ಮವನ್ನು ಪೂರ್ತಿ ಸುಲಿಯುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಕಂಬಗಳಂತೆ ಸುಟ್ಟು, ನಡುವಿನ ಚರ್ಮವನ್ನು ಹಾಗೇ ಬಿಡುತ್ತಾರೆ. ಗಾಯ ಮುಚ್ಚುವುದು ಆ ಉಳಿದ ಚರ್ಮದಿಂದ. ಇಲ್ಲಿ ವೈದ್ಯರು ಹೊಂದಿಸುವ ಮುಖ್ಯ ಅಳತೆಗಳು ಎರಡು: ಕಿರಣ ಎಷ್ಟು ಆಳ ಇಳಿಯಬೇಕು, ಚುಕ್ಕೆಗಳು ಎಷ್ಟು ಒತ್ತಾಗಿರಬೇಕು. ಕಂದು ಚರ್ಮದಲ್ಲಿ ಹೆಚ್ಚು ಕಾಡುವುದು ಎರಡನೆಯದು. ಚುಕ್ಕೆ ವಿರಳವಾಗಿಟ್ಟು ಒಂದೆರಡು ಸಲ ಹೆಚ್ಚು ಮಾಡಿಸಿಕೊಳ್ಳುವುದೇ ಜಾಣತನ. ಕಿವಿಯ ಮುಂದೆ ಸ್ವಲ್ಪ ಜಾಗದಲ್ಲಿ ಪರೀಕ್ಷೆಗೆ ಹೊಡೆಸಿ ನಾಲ್ಕು ವಾರ ಕಾಯಿರಿ. ಕಪ್ಪಾಗುವುದಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಗೊತ್ತಾಗುತ್ತದೆ.

ಗುಳಿಗಳಲ್ಲೂ ಜಾತಿಗಳಿವೆ. ಪಕ್ಕದಿಂದ ಬೆಳಕು ಬೀಳುವಂತೆ ಕನ್ನಡಿ ಮುಂದೆ ನಿಂತು ಕೆನ್ನೆಯನ್ನು ಎರಡು ಬೆರಳಿಂದ ಎಳೆಯಿರಿ. ಗುಳಿ ಮಾಯವಾದರೆ ಅದನ್ನು ಕೆಳಗಿನಿಂದ ನಾರು ಹಿಡಿದೆಳೆದಿದೆ ಎಂದರ್ಥ. ಅದಕ್ಕೆ ಮೊದಲು ಸಬ್‌ಸಿಷನ್, ಅಂದರೆ ಸೂಜಿ ತೂರಿಸಿ ಆ ನಾರನ್ನು ಕತ್ತರಿಸುವುದು. ಅಗಲವಾಗಿ, ಅಂಚು ನೆಟ್ಟಗಿರುವ ಗುಳಿಗೆ ಲೇಸರ್ ಚೆನ್ನಾಗಿ ಹಿಡಿಯುತ್ತದೆ. ಸೂಜಿ ಚುಚ್ಚಿದಂತಿರುವ ಕಿರಿದಾದ ಆಳದ ತೂತಿಗೆ ಲೇಸರ್ ಒಂದೇ ಸಾಲದು. ಟಿಸಿಎ ಎಂಬ ಆಮ್ಲವನ್ನು ವೈದ್ಯರೇ ತೂತಿನೊಳಗೆ ಮುಟ್ಟಿಸಬೇಕು. ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಕೊಲಾಜೆನ್ ಹೊಸದಾಗಿ ಕಟ್ಟಲು ಮೂರರಿಂದ ಆರು ತಿಂಗಳು ಬೇಕು. ಎರಡನೇ ವಾರಕ್ಕೇ ಫಲ ಅಳೆಯಬೇಡಿ. ‘ಪೂರ್ತಿ ಹೋಗುತ್ತದೆ’ ಎಂದು ಯಾರಾದರೂ ಮಾತು ಕೊಟ್ಟರೆ ಅವರನ್ನು ನಂಬಲೂ ಬೇಡಿ.

ಪ್ರಶ್ನೆ: ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಮಾಡಿಸಿ ನಾಲ್ಕನೇ ದಿನ. ಮುಖವೆಲ್ಲ ಮರಳುಕಾಗದದಂತೆ ಒರಟು, ಕಂದು ಚುಕ್ಕೆಗಳು, ತಡೆಯಲಾರದ ತುರಿಕೆ. ಉಜ್ಜಿ ತೆಗೆಯಬಹುದೇ?

ಉತ್ತರ: ಬೇಡ. ಆ ಒಂದೊಂದು ಚುಕ್ಕೆಯೂ ಒಂದು ಸಣ್ಣ ಹಕ್ಕಳೆ. ಐದರಿಂದ ಏಳು ದಿನದಲ್ಲಿ ತಾನಾಗಿ ಉದುರುತ್ತದೆ. ಉಗುರು ಹಾಕಿದರೆ ಅಡಿಯ ಎಳೆ ಚರ್ಮ ಕಿತ್ತು ಹೊಸ ಕಲೆ ಕೂರುತ್ತದೆ. ಕಾಯಿಸಿ ಆರಿಸಿದ ಎರಡು ಕಪ್ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್ ಬೆರೆಸಿ, ಶುದ್ಧ ಗಾಜ್ ಬಟ್ಟೆ ಅದ್ದಿ ಹತ್ತು ನಿಮಿಷ ಮುಖದ ಮೇಲಿಡಿ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಆಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ದಪ್ಪಗೆ ಬಳಿದರೆ ರಂಧ್ರ ಕಟ್ಟಿ ಬಿಳಿ ಕಾಳಿನಂಥ ಗುಳ್ಳೆ ಏಳುತ್ತವೆ. ನಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮುಲಾಮು ಮುಟ್ಟಬೇಡಿ. ಮೇಲ್ಪದರವಿಲ್ಲದ ಚರ್ಮಕ್ಕೆ ಅದರ ಅಲರ್ಜಿ ಬೇಗ ಹತ್ತುತ್ತದೆ. ತುರಿಕೆಗೆ ಅಲರ್ಜಿ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

ತುರಿಕೆ ಬೇರೆ, ನೋವು ಬೇರೆ. ಮೂರನೇ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಹಳದಿ ರಸಿ ಕಟ್ಟಿದರೆ, ಜ್ವರ ಬಂದರೆ, ಗುಂಪಾಗಿ ನೀರುಗುಳ್ಳೆ ಎದ್ದರೆ ಅಂದೇ ವೈದ್ಯರಿಗೆ ತೋರಿಸಿ. ನೀರುಗುಳ್ಳೆ ಹರ್ಪಿಸ್ ಇರಬಹುದು. ತುಟಿಯಂಚಿನಲ್ಲಿ ಆಗಾಗ ಅದು ಏಳುವವರಿಗೆ ಲೇಸರ್‌ಗೆ ಮೊದಲೇ ವೈರಸ್ ನಿರೋಧಕ ಮಾತ್ರೆ ಶುರುಮಾಡಿ, ಚರ್ಮ ಮುಚ್ಚುವವರೆಗೆ ಮುಂದುವರಿಸುತ್ತಾರೆ.

ಸನ್‌ಸ್ಕ್ರೀನ್ ಹಕ್ಕಳೆ ಉದುರಿದ ಮೇಲೆ. ಅಲ್ಲಿಯವರೆಗೆ ನೆರಳೇ ಗತಿ. ಆಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸಬಲ್ಲದು, ಐರನ್ ಆಕ್ಸೈಡ್ ಅದನ್ನೂ ತಡೆಯುತ್ತದೆ.

ಪ್ರಶ್ನೆ: ಮೊಡವೆಗೆ ನುಂಗುತ್ತಿದ್ದ ಐಸೊಟ್ರೆಟಿನೊಯಿನ್ ಮಾತ್ರೆ ನಿಲ್ಲಿಸಿ ಎರಡು ತಿಂಗಳಾಯಿತು. ಲೇಸರ್‌ಗೆ ಇನ್ನೂ ಕಾಯಬೇಕೇ?

ಉತ್ತರ: ಮುಖದ ಮೇಲ್ಪದರವನ್ನು ಪೂರ್ತಿ ಸುಲಿಯುವ ಲೇಸರ್ ಆದರೆ ಆರು ತಿಂಗಳು ಕಾಯಿರಿ. ಫ್ರ್ಯಾಕ್ಷನಲ್‌ಗೆ ಈ ಹಳೆಯ ನಿಯಮ ಸಡಿಲವಾಗಿದೆ. ಮಾತ್ರೆಯ ಪ್ರಮಾಣ, ನಿಲ್ಲಿಸಿದ ದಿನ ಎರಡನ್ನೂ ಲೇಸರ್ ವೈದ್ಯರಿಗೆ ಬರೆದುಕೊಡಿ.

ಪ್ರಶ್ನೆ: ಕೆನ್ನೆಯ ಬಂಗನ್ನೂ ಅದೇ ಲೇಸರ್‌ನಲ್ಲಿ ತೆಗೆಸಬಹುದೇ?

ಉತ್ತರ: ಗುಳಿಗೆ ಬಳಸುವ ಲೇಸರ್‌ನಿಂದ ಬೇಡ. ಬಂಗು ಬಿಸಿಗೆ ಕೆರಳುತ್ತದೆ. ಸ್ವಲ್ಪ ದಿನ ತಿಳಿಯಾದಂತೆ ಕಂಡು ಮೊದಲಿಗಿಂತ ಗಾಢವಾಗಿ ಮರಳಬಹುದು. ಬಂಗಿಗೆ ಮೊದಲು ಸನ್‌ಸ್ಕ್ರೀನ್, ವೈದ್ಯರು ಬರೆದುಕೊಡುವ ಕ್ರೀಮ್. ಅದು ಹತೋಟಿಗೆ ಬಂದ ಮೇಲೆ ಗುಳಿಯ ಮಾತು.