ಬೈಬಲ್ಲಿನಲ್ಲಿ ‘ನೀತಿ’ಗೂ ‘ನೀತಿವಂತನೆಂದು ನಿರ್ಣಯಿಸುವುದಕ್ಕೂ’ ಏನು ವ್ಯತ್ಯಾಸ?

ನೀತಿ ಎಂಬುದು ಸ್ಥಿತಿ ಅಥವಾ ಗುಣ. ನಿರ್ಣಯಿಸುವುದು ಕ್ರಿಯೆ, ಅಂದರೆ ತೀರ್ಪು. ಇವೆರಡೂ ಒಂದೇ ಎನಿಸುವ ಗೊಂದಲದ ಬೇರು ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲೇ ಇದೆ. ನೀತಿಗೆ ‘ಡಿಕಾಯೊಸುನೆ’, ತೀರ್ಪಿಗೆ ‘ಡಿಕಾಯೊಸಿಸ್’. ಎರಡೂ ಒಂದೇ ಬೇರಿನ ಚಿಗುರುಗಳು. (ನಮ್ಮ ಶಾಲೆಯ ‘ನೀತಿಪಾಠ’ವನ್ನು ಸದ್ಯಕ್ಕೆ ಮರೆತುಬಿಡಿ.)

ನ್ಯಾಯಸ್ಥಾನವನ್ನು ಕಲ್ಪಿಸಿಕೊಳ್ಳಿ. ನ್ಯಾಯಾಧಿಪತಿಗಳು ನೀತಿವಂತನನ್ನು ನಿರಪರಾಧಿಯೆಂದೂ ದುಷ್ಟನನ್ನು ಅಪರಾಧಿಯೆಂದೂ ತೀರ್ಮಾನಿಸಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ 25:1. ತೀರ್ಪು ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ, ಅವರು ಯಾವ ಕಡೆ ನಿಂತಿದ್ದಾರೆಂದು ಸಾರುತ್ತದೆ. ಲೂಕ 7:29ರಲ್ಲಿ ಜನರು ದೇವರನ್ನೇ ನೀತಿವಂತನೆಂದು ಒಪ್ಪಿಕೊಳ್ಳುತ್ತಾರೆ. ಮೂಲದಲ್ಲಿ ಅದೇ ಧಾತುವಿನ ಕ್ರಿಯಾಪದ. ಜನರು ದೇವರನ್ನು ತಿದ್ದಿ ನೀತಿವಂತನನ್ನಾಗಿ ಮಾಡಿದರು ಎಂದು ಯಾರೂ ಓದಲಾರರು!

ಯೇಸುವಿನ ಅಪೊಸ್ತಲನಾದ ಪೌಲನ ವಿಚಿತ್ರ ಧೈರ್ಯ ಕಾಣುವುದು ರೋಮಾಪುರದವರಿಗೆ ಬರೆದ ಪತ್ರದ 4:5ರಲ್ಲಿ. ಅಲ್ಲಿ ದೇವರು ಭಕ್ತಿಹೀನನನ್ನೇ ನೀತಿವಂತನೆಂದು ನಿರ್ಣಯಿಸುತ್ತಾನೆ. ಮೇಲಿನ ನಿಯಮದ ಪ್ರಕಾರ ಇದು ಅನ್ಯಾಯದ ತೀರ್ಪಲ್ಲವೇ? ನಂಬಿಕೆಯೇ ನೀತಿಯೆಂದು ಎಣಿಸಲ್ಪಡುತ್ತದೆ ಎಂಬುದು ಅವನ ಉತ್ತರ, ಅಬ್ರಹಾಮನೇ ಅದಕ್ಕೆ ಸಾಕ್ಷಿ: ಅವನು ದೇವರನ್ನು ನಂಬಿದ್ದೇ ಅವನ ಪಾಲಿಗೆ ನೀತಿಯೆಂದು ಎಣಿಸಲ್ಪಟ್ಟಿತು.

ಎಲ್ಲರೂ ಇದನ್ನು ಹೀಗೆಯೇ ಓದುವುದಿಲ್ಲ. ಪ್ರೊಟೆಸ್ಟೆಂಟ್ ಸುಧಾರಕ ಲೂಥರನ ಪರಂಪರೆಯವರಿಗೆ ಈ ನಿರ್ಣಯಿಸುವಿಕೆ ಒಂದು ಘೋಷಣೆ. 1547ರ ಟ್ರೆಂಟ್ ಸಭೆಯ ಕ್ಯಾಥೊಲಿಕ್ ನಿರ್ಣಯದಲ್ಲಿ ಒಳಗಿನ ನವೀಕರಣವೂ, ಅಂದರೆ ಮನುಷ್ಯನು ಒಳಗಿನಿಂದ ಹೊಸಬನಾಗುವುದೂ, ಇದರಲ್ಲೇ ಸೇರಿದೆ.