ದುರಂತ ನಾಟಕದಲ್ಲಿ ರಂಗವಿನ್ಯಾಸ, ವೈರುಧ್ಯ ಯಾಕಷ್ಟು ಮನಸ್ಸಿಗೆ ತಟ್ಟುತ್ತೆ?

ಬರೀ ಅಳುನೇ ಇದ್ರೆ ನೋಡೋರ ಮನಸ್ಸು ಸ್ವಲ್ಪ ಹೊತ್ತಿಗೆ ಮರಗಟ್ಟಿಹೋಗುತ್ತೆ, ಅದಕ್ಕೇ ಪಕ್ಕದಲ್ಲಿ ಅದಕ್ಕೆ ವಿರುದ್ಧವಾದ್ದೊಂದು ಬೇಕು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ ತಗೊಳ್ಳಿ, ರಾಜ ಡಂಕನ್‌ನ ಕೊಲೆ ಸ್ಟೇಜ್ ಮೇಲೆ ತೋರಿಸೋದೇ ಇಲ್ಲ, ಕೊಂದ ಮ್ಯಾಕ್‌ಬೆತ್ ರಕ್ತದ ಕೈಲಿ ಹೊರಗೆ ಬರ್ತಾನೆ, ಅವನೂ ಅವನ ಹೆಂಡ್ತೀನೂ ಗಾಬರೀಲಿ ಮಾತಾಡ್ತಾ ಇರೋವಾಗ್ಲೇ ಬಾಗಿಲು ದಬದಬ ಬಡಿಯೋ ಸದ್ದು. ಆಮೇಲೆ ಬರೋದು ಯಾರು ಅಂದ್ರೆ ಕುಡಿದ ಅಮಲು ಇನ್ನೂ ಇಳೀದಿರೋ ಬಾಗಿಲು ಕಾಯೋನು, ತಾನು ನರಕದ ಬಾಗಿಲು ಕಾಯ್ತಿದೀನಿ ಅಂತ ತಮಾಷೆ ಮಾಡ್ಕೊಂಡು. ನಾವು ನಗ್ತೀವಿ, ಆದ್ರೆ ಒಳಗೆ ಹೆಣ ಬಿದ್ದಿದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ. ನನಗಂತೂ ಕೊಲೆಗಿಂತ ಆ ಬಾಗಿಲು ಬಡಿಯೋ ಸದ್ದೇ ಹೆಚ್ಚು ಭಯ. ಗ್ರೀಕ್ ದುರಂತಗಳಲ್ಲೂ ಸಾವು ಸಾಮಾನ್ಯವಾಗಿ ಮರೆಯಲ್ಲೇ, ದೂತ ಬಂದು ಹೇಳ್ತಾನೆ, ಮಿಕ್ಕಿದ್ದು ನಮ್ಮ ಕಲ್ಪನೆಗೆ ಬಿಟ್ಟಿದ್ದು.